ಹಳೆಯ ಛಾಯಾಚಿತ್ರಗಳಲ್ಲಿ ನಮ್ಮ ನಗರ

ಮನುಷ್ಯನ ಮುಖದಂತೆ ನಗರದ ಮುಖವೂ ಕಾಲಕ್ರಮದಲ್ಲಿ ಮಾರ್ಪಡುತ್ತದೆ. ಬಾಲ್ಯದ ಭಾವಚಿತ್ರವೊಂದನ್ನು ಕೈಯಲ್ಲಿ ಹಿಡಿದು 'ಇವರೇ ನಮ್ಮ ತಾತನವರೇ?' ಎಂದು ಬೆರಗಾಗುವಂತೆ, ಹೈದರಾಬಾದಿನ ಹಳೆಯ ಛಾಯಾಚಿತ್ರವನ್ನು ನೋಡಿದಾಗಲೂ 'ನಾವು ದಿನವೂ ನಡೆಯುವ ಬೀದಿ ಇದೇ ಏನು?' ಎಂದು ಸೋಜಿಗಪಡುತ್ತೇವೆ. ತಾತನವರನ್ನು ಗುರುತಿಸಲು ಮನೆಯ ಹಿರಿಯರು ಹುಬ್ಬಿನ ವಕ್ರತೆಯನ್ನೋ ಕಿವಿಯ ಅಂಚನ್ನೋ ತೋರಿಸಿಕೊಡುತ್ತಾರೆ. ಬೀದಿಗಳಿಗೂ ಅಂಥ ಲಕ್ಷಣಗಳುಂಟು. ಅವನ್ನು ಕಂಡುಹಿಡಿಯುವ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ವಿದ್ಯಾರ್ಥಿಗಳಾದ ನಮಗೆ ಇದು ಕೇವಲ ವಿನೋದದ ವಿಷಯವಲ್ಲ. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ಓದಿಗೆ, ನೌಕರಿಗೆ, ನ್ಯಾಯಾಲಯದ ಕೆಲಸಕ್ಕೆ ಆ ಕಡೆಯ ಕನ್ನಡಿಗರು ಬರುತ್ತಿದ್ದ ರಾಜಧಾನಿ ಇದೇ. ಆದುದರಿಂದ ಇಲ್ಲಿ ನೆಲೆಸಿದವರ ಮನೆಗಳಲ್ಲಿ ಮಾತ್ರವಲ್ಲ, ಅಲ್ಲಿನ ಬಂಧುಗಳ ಪೆಟ್ಟಿಗೆಗಳಲ್ಲಿಯೂ ಈ ನಗರದ ಚಿತ್ರಗಳು ಇರುವುದು ಸಹಜ. ಆದರೆ ಹೆಸರು, ವರ್ಷ ಬರೆಯದ ಚಿತ್ರವು ಮೂಕಸಾಕ್ಷಿ. ಅದನ್ನು ಮಾತಾಡಿಸುವ ವಿದ್ಯೆ ನಮಗೆ ತಿಳಿದಿರಬೇಕು.

ನಿಮ್ಮ ಮನೆಯಲ್ಲಿ ಒಂದು ಚಿತ್ರ ದೊರೆಯಿತೆಂದು ಭಾವಿಸಿರಿ. ಯಾರೋ ಇಬ್ಬರು ಹಿರಿಯರು ನಿಂತಿದ್ದಾರೆ. ಹಿಂದೆ ಗಡಿಯಾರವುಳ್ಳ ಗೋಪುರ. ಬೆನ್ನಿನಲ್ಲಿ 'ಗಡಿಯಾರ ಗೋಪುರದ ಹತ್ತಿರ' ಎಂದಷ್ಟೇ ಬರೆದಿದೆ. ಇಷ್ಟರಿಂದ ಸ್ಥಳ ತಿಳಿಯಿತೆನ್ನಬಹುದೇ? ನಮ್ಮ ಅವಳಿ ನಗರದಲ್ಲಿ ಗಡಿಯಾರ ಗೋಪುರಗಳು ಒಂದೆರಡಲ್ಲ. ಚಾರ್‌ಮಿನಾರಿನ ಪಶ್ಚಿಮಕ್ಕೆ ಮಹಬೂಬ್ ಚೌಕಿನ ಗೋಪುರ ೧೮೯೨ರದು. ಸಿಕಂದರಾಬಾದಿನ ಗೋಪುರ ೧೮೯೭ರದು. ಸುಲ್ತಾನ್ ಬಜಾರಿನಲ್ಲಿ ಒಂದು, ಫತೇ ಮೈದಾನದ ಬಳಿ ಇನ್ನೊಂದು. ೧೯೩೫ರಲ್ಲಿ ಕಟ್ಟಿದ ಮೊಅಜ್ಜಂ ಜಾಹಿ ಮಾರುಕಟ್ಟೆಯ ನೆತ್ತಿಯಲ್ಲಿ ಮತ್ತೊಂದು. ಈಗ ಗೋಪುರವನ್ನು ಬಿಟ್ಟು ಅದರ ಬುಡವನ್ನು ನೋಡಿರಿ. ಉದ್ಯಾನದ ನಡುವೆ ಒಂಟಿಯಾಗಿ ನಿಂತಿದ್ದರೆ ಸಿಕಂದರಾಬಾದನ್ನು ನೆನೆಯಬೇಕು. ಎರಡು ಕಡೆಗೆ ತೋಳು ಚಾಚಿದಂತೆ ಕಮಾನುಗಳ ಸಾಲುಳ್ಳ ಕಲ್ಲಿನ ಕಟ್ಟಡದ ಮೇಲೆ ನಿಂತಿದ್ದರೆ ಅದು ಮೊಅಜ್ಜಂ ಜಾಹಿ ಮಾರುಕಟ್ಟೆ. ಹಾಗಿದ್ದಲ್ಲಿ, ಮನೆಯಲ್ಲಿ ಯಾರು ಏನೇ ಹೇಳಲಿ, ಆ ಚಿತ್ರ ೧೯೩೫ಕ್ಕಿಂತ ಹಿಂದಿನದಾಗಿರಲಾರದು. ಪ್ರಧಾನ ವಸ್ತುವಿಗಿಂತ ಅದರ ಸುತ್ತಲಿನ ಸಣ್ಣ ವಸ್ತುಗಳೇ ಹೆಚ್ಚು ಸಾಕ್ಷ್ಯ ನುಡಿಯುತ್ತವೆಂಬುದು ಇದರಿಂದ ತಿಳಿಯುವ ಮೊದಲ ಪಾಠ.

ಎರಡನೆಯ ಪಾಠ, ಕದಲದ ವಸ್ತುಗಳನ್ನು ಮೊದಲು ಹಿಡಿಯುವುದು. ಅಂಗಡಿ, ಫಲಕ, ಮರಗಳು ಬದಲಾಗುತ್ತವೆ. ಬೆಟ್ಟ, ಕೆರೆಯ ಏರಿ, ಮಹಾ ಸ್ಮಾರಕಗಳು ಬೇಗನೆ ಬದಲಾಗವು. ಚಾರ್‌ಮಿನಾರ್ ೧೫೯೧ರಿಂದ ನಿಂತಲ್ಲೇ ನಿಂತಿದೆ. ಅದರ ನಾಲ್ಕು ಮುಖಗಳೂ ಒಂದೇ ತೆರನಾಗಿರುವುದರಿಂದ ಚಿತ್ರವನ್ನು ಯಾವ ದಿಕ್ಕಿನಿಂದ ತೆಗೆದರೆಂಬುದು ಮೊದಲ ನೋಟಕ್ಕೆ ತಿಳಿಯದು. ಆದರೆ ಅದರ ನೈಋತ್ಯಕ್ಕೆ ಮಕ್ಕಾ ಮಸೀದಿ ಇದೆ. ಪಶ್ಚಿಮಕ್ಕೆ ಲಾಡ್ ಬಜಾರು ಹೊರಡುತ್ತದೆ. ಉತ್ತರಕ್ಕೆ ಗುಲ್ಜಾರ್ ಹೌಜಿನ ಕಾರಂಜಿಯೂ ಅದರ ಸುತ್ತ ಚಾರ್ ಕಮಾನುಗಳೂ ಇವೆ. ಮಸೀದಿಯು ಚಾರ್‌ಮಿನಾರಿನ ಆಚೆಗೆ, ಬಲಗಡೆಯಲ್ಲಿ ಕಂಡರೆ ಛಾಯಾಗ್ರಾಹಕನು ಉತ್ತರದಲ್ಲಿ ನಿಂತು ದಕ್ಷಿಣಕ್ಕೆ ನೋಡುತ್ತಿದ್ದಾನೆ. ಈಚೆಗೆ, ಎಡಗಡೆಯಲ್ಲಿ ಕಂಡರೆ ಅವನು ದಕ್ಷಿಣದಲ್ಲಿ ನಿಂತಿದ್ದಾನೆ. ದಿಕ್ಕು ತಿಳಿದ ಮೇಲೆ ನೆರಳು ಹೊತ್ತನ್ನು ಹೇಳುತ್ತದೆ: ದಕ್ಷಿಣಕ್ಕೆ ನೋಡುವವನ ಬಲಕ್ಕೆ ನೆರಳು ಬಿದ್ದಿದ್ದರೆ ಆಗ ಬೆಳಗಿನ ವೇಳೆ.

ಮೂರನೆಯದು, ಚಿತ್ರದಲ್ಲಿ ಏನಿದೆ ಎಂಬುದರ ಜೊತೆಗೆ ಏನಿಲ್ಲ ಎಂಬುದನ್ನೂ ಗಮನಿಸುವುದು. ಚಾರ್‌ಮಿನಾರಿಗೆ ಗಡಿಯಾರಗಳನ್ನು ಇರಿಸಿದ್ದು ೧೮೮೯ರಲ್ಲಿ. ಗಡಿಯಾರವಿಲ್ಲದ ಚಾರ್‌ಮಿನಾರಿನ ಚಿತ್ರ ಅದಕ್ಕಿಂತ ಹಿಂದಿನದು. ನಿಜಾಮರ ರಾಜ್ಯದಲ್ಲಿ ಸರಕಾರಿ ಬಸ್ಸುಗಳ ಸಂಚಾರ ಆರಂಭವಾದುದು ೧೯೩೨ರಲ್ಲಿ. ಅಂಥ ಬಸ್ಸು ಕಂಡರೆ ಚಿತ್ರ ಅದರ ಈಚಿನದು. ಹುಸೇನ್ ಸಾಗರದ ನಡುವೆ ಬುದ್ಧನ ವಿಗ್ರಹವನ್ನು ನಿಲ್ಲಿಸಿದ್ದು ೧೯೯೨ರ ಡಿಸೆಂಬರಿನಲ್ಲಿ. ಬರಿಯ ನೀರು ಕಂಡರೆ ಚಿತ್ರ ಅದರ ಹಿಂದಿನದು. ಹೀಗೆ ಒಂದು ವಸ್ತುವಿನಿಂದ 'ಇದಕ್ಕಿಂತ ಮುಂಚೆಯಲ್ಲ' ಎಂತಲೂ, ಇನ್ನೊಂದರಿಂದ 'ಇದಕ್ಕಿಂತ ಈಚೆಗಲ್ಲ' ಎಂತಲೂ ಎರಡು ಗಡಿಗಳನ್ನು ಹಾಕಿಕೊಂಡರೆ ವರ್ಷವು ಆ ಎರಡರ ನಡುವೆ ಸಿಕ್ಕಿಬೀಳುತ್ತದೆ. ಆದರೆ ಎಚ್ಚರವಿರಲಿ: ಗಡಿಯಾರವು ಚಿತ್ರದಲ್ಲಿ ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಕೋನದ ದೆಸೆಯಿಂದ ಅದು ಮರೆಯಾಗಿರಲೂಬಹುದು.

ಛಾಯಾಗ್ರಾಹಕನ ಹೆಸರೂ ಕಾಲನಿರ್ಣಯಕ್ಕೆ ನೆರವಾಗುತ್ತದೆ. ನಮ್ಮ ನಗರದ ಹಳೆಯ ಚಿತ್ರಗಳ ಮಾತು ಬಂದರೆ ಲಾಲಾ ದೀನ್ ದಯಾಳರನ್ನು ನೆನೆಯದಿರಲು ಸಾಧ್ಯವಿಲ್ಲ. ೧೮೪೪ರಲ್ಲಿ ಉತ್ತರ ಭಾರತದ ಸರಧಾನದಲ್ಲಿ ಹುಟ್ಟಿದ ಅವರು ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದರು. ಅವರು ನಿಧನರಾದುದು ೧೯೦೫ರಲ್ಲಿ. ಆದುದರಿಂದ ೧೯೦೮ರ ಒಂದು ಘಟನೆಯ ಚಿತ್ರವನ್ನು ಅವರೇ ತೆಗೆದರೆಂದು ಯಾರಾದರೂ ಬರೆದಿದ್ದರೆ ಅದನ್ನು ಒಪ್ಪುವಂತಿಲ್ಲ. ಸ್ಟುಡಿಯೋದ ಹೆಸರು ಬೇರೆ, ಕ್ಯಾಮರಾ ಹಿಡಿದವನ ಹೆಸರು ಬೇರೆ.

ಛಾಯಾಚಿತ್ರವೂ ಕೆಲವೊಮ್ಮೆ ನಮ್ಮನ್ನು ಮೋಸಗೊಳಿಸುವುದುಂಟು. ಹಿಂದೆ ಗಾಜಿನ ಫಲಕದ ಮೇಲೆ ಚಿತ್ರ ತೆಗೆಯುತ್ತಿದ್ದರು. ಮುದ್ರಿಸುವಾಗ ಫಲಕವನ್ನು ಮಗುಚಿ ಇಟ್ಟರೆ ಕನ್ನಡಿಯಲ್ಲಿ ಕಂಡಂತೆ ಎಡವು ಬಲವಾಗುತ್ತದೆ. ಉತ್ತರದಿಂದ ತೆಗೆದ ಚಿತ್ರದಲ್ಲಿ ಮಕ್ಕಾ ಮಸೀದಿ ಎಡಕ್ಕೆ ಬಂದು ನಿಲ್ಲುತ್ತದೆ! ಇದನ್ನು ಅರಿಯಲು ಅಂಗಡಿಯ ಫಲಕದ ಬರಹವನ್ನೋ ಗಡಿಯಾರದ ಅಂಕಿಗಳನ್ನೋ ಓದಬೇಕು. ಉರ್ದು ಬರಹ ಬಲದಿಂದ ಎಡಕ್ಕೆ ಸಾಗುವುದರಿಂದ, ಆ ಲಿಪಿಯನ್ನು ತಿಳಿಯದವರಿಗೆ ತಲೆಕೆಳಗಾದುದು ಗೊತ್ತಾಗುವುದೇ ಇಲ್ಲ. ಉರ್ದು ಬಲ್ಲ ನೆರೆಯವರಿಗೆ ತೋರಿಸಿದರೆ ಅವರು ಕ್ಷಣದಲ್ಲಿ ಹೇಳಿಯಾರು. ಅನೇಕ ಭಾಷೆಗಳ ನಗರದಲ್ಲಿ ವಾಸಿಸುವುದರ ಲಾಭವಿದು. ಇನ್ನೊಂದು ಮೋಸವೆಂದರೆ ಬರಿದಾದ ಬೀದಿ. ಆರಂಭಕಾಲದ ಫಲಕಗಳಿಗೆ ಬಹಳ ಹೊತ್ತು ಬೆಳಕು ತಾಗಬೇಕಾಗಿತ್ತು. ನಿಂತವರು ಮೂಡುತ್ತಿದ್ದರು, ನಡೆದುಹೋದವರು ಮಂಜಿನಂತೆ ಮಾಸುತ್ತಿದ್ದರು, ಇಲ್ಲವೆ ಕಾಣುತ್ತಲೇ ಇರಲಿಲ್ಲ. ಆದುದರಿಂದ ಅಂದಿನ ಬೀದಿಗಳೆಲ್ಲ ನಿರ್ಜನವಾಗಿದ್ದವೆಂದು ತಿಳಿಯಬಾರದು.

ಹೆಸರುಗಳ ತೊಡಕು ಇವೆಲ್ಲಕ್ಕಿಂತ ದೊಡ್ಡದು. ಚಿತ್ರದ ಕೆಳಗೆ 'ರೆಸಿಡೆನ್ಸಿ ಬಜಾರ್' ಎಂದಿದ್ದರೆ ಅದು ಇಂದಿನ ಸುಲ್ತಾನ್ ಬಜಾರು. 'ಜೇಮ್ಸ್ ಸ್ಟ್ರೀಟ್' ಎಂದರೆ ಸಿಕಂದರಾಬಾದಿನ ಮಹಾತ್ಮಾ ಗಾಂಧಿ ರಸ್ತೆ. 'ಕಿಂಗ್ಸ್‌ವೇ' ಎಂದರೆ ರಾಷ್ಟ್ರಪತಿ ರಸ್ತೆ. 'ಬಾಗ್-ಎ-ಆಮ್' ಎಂದರೆ ಪಬ್ಲಿಕ್ ಗಾರ್ಡನ್ಸ್. ಕೆಲವೊಮ್ಮೆ ಹೆಸರು ಉಳಿದು ಕಟ್ಟಡವೇ ಬದಲಾಗುತ್ತದೆ. ಸಾಲಾರ್ ಜಂಗ್ ವಸ್ತು ಸಂಗ್ರಹಾಲಯವು ೧೯೫೧ರಲ್ಲಿ ದಿವಾನ್ ದೇವಡಿಯೆಂಬ ಹಳೆಯ ಅರಮನೆಯಲ್ಲಿ ತೆರೆಯಿತು. ಮೂಸಿಯ ದಡದ ಈಗಿನ ಕಟ್ಟಡಕ್ಕೆ ಬಂದುದು ೧೯೬೮ರಲ್ಲಿ. ಆ ಹದಿನೇಳು ವರ್ಷಗಳ ಚಿತ್ರವನ್ನು ಹಿಡಿದು ಈಗಿನ ಕಟ್ಟಡದ ಮುಂದೆ ನಿಂತರೆ ಒಂದು ಕಲ್ಲೂ ಹೊಂದದು. ದಿವಾನ್ ದೇವಡಿಯ ಅರಮನೆ ಇಂದಿಲ್ಲ. ಅದರ ಹೆಬ್ಬಾಗಿಲು ಮಾತ್ರ ಹೆಸರನ್ನು ಉಳಿಸಿಕೊಂಡಿದೆ.

ಈ ವಿದ್ಯೆಯ ಬೆಲೆ ಎಷ್ಟೆಂಬುದು ಮೂಸಿ ನದಿಯ ಚಿತ್ರಗಳನ್ನು ನೋಡಿದಾಗ ಮನಸ್ಸಿಗೆ ನಾಟುತ್ತದೆ. ೧೯೦೮ರ ಸೆಪ್ಟೆಂಬರ್ ೨೮ರಂದು ನದಿಯು ಉಕ್ಕಿ ಹರಿದು ನಗರವನ್ನು ನುಗ್ಗಿತು. ಸತ್ತವರ ಸಂಖ್ಯೆ ಸುಮಾರು ೧೫,೦೦೦ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಮುರಿದುಬಿದ್ದವು. ೧೫೭೮ರಲ್ಲಿ ಕಟ್ಟಿದ ಪುರಾನಾ ಪುಲ್ ಮಾತ್ರ ನಿಂತಿತು. ಅಫ್ಜಲ್‌ಗಂಜಿನ ಹುಣಿಸೆಮರವೊಂದನ್ನು ಏರಿ ಸುಮಾರು ೧೫೦ ಜನ ಪ್ರಾಣ ಉಳಿಸಿಕೊಂಡರೆಂದು ಪ್ರತೀತಿ. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಕೋಲ್ಸಾವಾಡಿಯಂಥ ಮೊಹಲ್ಲಾಗಳಲ್ಲಿ ಮನೆಗಳು ಜನರೊಡನೆ ಕೊಚ್ಚಿಹೋದವು. ಇಂಥ ಸ್ಥಳಗಳ ಅಂದಿನ ರೂಪವನ್ನು ಇಂದು ನೆಲದ ಮೇಲೆ ಹುಡುಕಿ ಪ್ರಯೋಜನವಿಲ್ಲ. ಅದು ಉಳಿದಿರುವುದು ಚಿತ್ರಗಳಲ್ಲಿ ಮತ್ತು ನೆನಪುಗಳಲ್ಲಿ.

ಈ ಅನಾಹುತದ ತರುವಾಯ ನಿಜಾಮರ ಸರಕಾರ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ೧೯೦೯ರಲ್ಲಿ ಅವರು ಇಲ್ಲಿಗೆ ಬಂದು, ಮೇಲ್ಭಾಗದಲ್ಲಿ ಎರಡು ಜಲಾಶಯಗಳನ್ನು ಕಟ್ಟಿ ನೆರೆಯನ್ನು ತಡೆಯಬೇಕೆಂದು ಯೋಜನೆ ಹಾಕಿಕೊಟ್ಟರು. ಮೂಸಿಗೆ ಉಸ್ಮಾನ್ ಸಾಗರ ೧೯೨೦ರಲ್ಲಿಯೂ, ಈಸಿಗೆ ಹಿಮಾಯತ್ ಸಾಗರ ೧೯೨೭ರಲ್ಲಿಯೂ ಪೂರ್ಣವಾದವು. ದಕ್ಷಿಣ ದಡದಲ್ಲಿ ೧೯೨೦ರಲ್ಲಿ ಉಚ್ಚ ನ್ಯಾಯಾಲಯದ ಭವನ ತೆರೆಯಿತು. ಎದುರು ದಡದಲ್ಲಿ ಉಸ್ಮಾನಿಯಾ ಆಸ್ಪತ್ರೆ ಎದ್ದಿತು. ಎರಡನ್ನೂ ರೂಪಿಸಿದವರು ವಿನ್ಸೆಂಟ್ ಎಶ್ ಎಂಬ ಶಿಲ್ಪಿ. ೧೯೧೬ರ ಕಾಚಿಗುಡ ರೈಲು ನಿಲ್ದಾಣವೂ ಅವರದೇ. ಹೀಗೆ ಮೂಸಿಯ ದಡದ ಚಿತ್ರದಲ್ಲಿ ನೀರಿನ ಅಂಚಿನವರೆಗೂ ಮನೆಗಳು ಒತ್ತಾಗಿದ್ದರೆ ಅದು ನೆರೆಯ ಹಿಂದಿನ ಕಾಲ. ಇಟ್ಟಿಗೆ ಮಣ್ಣಿನ ರಾಶಿ ಕಂಡರೆ ನೆರೆಯ ಮರುದಿನಗಳು. ಗುಮ್ಮಟಗಳ ಭವ್ಯ ಭವನಗಳು ಎದುರುಬದುರಾಗಿ ಕಂಡರೆ ಅದರ ಅನಂತರದ ಕಾಲ. ಒಂದು ನಗರದ ದುಃಖವೂ ಅದರ ಪುನರ್ನಿರ್ಮಾಣವೂ ಮೂರು ಚಿತ್ರಗಳಲ್ಲಿ ಅಡಗಿವೆ. ಅವುಗಳ ಕ್ರಮ ತಪ್ಪಿದರೆ ಕಥೆಯೇ ತಪ್ಪುತ್ತದೆ.

ಮನೆಯಲ್ಲಿ ಕುಳಿತು ಮಾಡಿದ ಊಹೆಯನ್ನು ಕೊನೆಗೆ ಸ್ಥಳದಲ್ಲಿಯೇ ಪರೀಕ್ಷಿಸಬೇಕು. ಚಿತ್ರದ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು, ಒಂದು ಹತ್ತಿರದ ವಸ್ತುವನ್ನೂ ಒಂದು ದೂರದ ವಸ್ತುವನ್ನೂ ಆರಿಸಿಕೊಳ್ಳಿರಿ. ಚಿತ್ರದಲ್ಲಿ ಹತ್ತಿರದ ಕಂಬವು ದೂರದ ಮಿನಾರಿಗೆ ನೇರವಾಗಿದೆಯೆನ್ನಿ. ನಿಮ್ಮ ಕಣ್ಣಿಗೆ ಕಂಬವು ಮಿನಾರಿನ ಎಡಕ್ಕೆ ಕಂಡರೆ ನೀವು ಎಡಕ್ಕೆ ಸರಿಯಬೇಕು. ಬಲಕ್ಕೆ ಕಂಡರೆ ಬಲಕ್ಕೆ. ಎರಡೂ ಒಂದೇ ರೇಖೆಗೆ ಬಂದಾಗ ನಿಲ್ಲಿರಿ. ಇಂಥದೇ ಇನ್ನೊಂದು ಜೋಡಿಯೂ ಸರಿಹೊಂದಿದರೆ ಆ ಎರಡು ರೇಖೆಗಳು ಕೂಡುವಲ್ಲಿಯೇ ಹಿಂದೊಮ್ಮೆ ಕ್ಯಾಮರಾ ನಿಂತಿತ್ತು. ನೂರು ವರ್ಷಗಳ ಹಿಂದೆ ಒಬ್ಬನು ನಿಂತ ನೆಲದ ಮೇಲೆ ನಿಮ್ಮ ಪಾದಗಳಿವೆ ಎಂಬ ಅರಿವಿನ ಸಂತೋಷವನ್ನು ಅನುಭವಿಸಿಯೇ ತಿಳಿಯಬೇಕು. ವಾಹನಗಳ ಸಂಚಾರವಿರುವ ರಸ್ತೆಯಲ್ಲಿ ಮಾತ್ರ ಹಿರಿಯರೊಡನೆ ಹೋಗಿ, ಬದಿಯಲ್ಲಿಯೇ ನಿಂತು ಈ ಪರೀಕ್ಷೆ ಮಾಡತಕ್ಕದ್ದು.

ವಿದ್ಯಾರ್ಥಿ ಮಿತ್ರರೇ, ಕಟ್ಟಡಗಳು ಬೀಳುತ್ತವೆ, ರಸ್ತೆಗಳು ಅಗಲವಾಗುತ್ತವೆ, ಹೆಸರುಗಳು ಮರೆಯುತ್ತವೆ. ಇವನ್ನೆಲ್ಲ ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಒಂದು ಕೆಲಸ ಮಾತ್ರ ನಮ್ಮ ಕೈಯಲ್ಲಿದೆ. ಗಡಿಯಾರ ಗೋಪುರದ ಆ ಚಿತ್ರದಲ್ಲಿ ಸ್ಥಳವನ್ನು ಬುದ್ಧಿಯಿಂದ ಕಂಡುಹಿಡಿಯಬಹುದು, ವರ್ಷವನ್ನು ತರ್ಕದಿಂದ ಸಮೀಪಿಸಬಹುದು. ಗೋಪುರದ ಮುಂದೆ ನಿಂತ ಆ ಇಬ್ಬರು ಯಾರೆಂಬುದನ್ನು ಯಾವ ತರ್ಕವೂ ಹೇಳಲಾರದು. ಅದನ್ನು ಬಲ್ಲವರು ನಮ್ಮ ಅಜ್ಜ ಅಜ್ಜಿಯರು ಮಾತ್ರ. ಈ ರಜೆಯಲ್ಲಿ ಅವರ ಬಳಿ ಕುಳಿತು, ಪೆಟ್ಟಿಗೆ ತೆರೆಸಿ, ಒಂದೊಂದು ಚಿತ್ರದ ಹಿಂದೆಯೂ ಹೆಸರು, ಸ್ಥಳ, ವರ್ಷಗಳನ್ನು ಮೆತ್ತನೆಯ ಸೀಸದ ಕಡ್ಡಿಯಿಂದ ಹಗುರವಾಗಿ ಬರೆದಿಡಿರಿ. ಅವರು ಹೇಳುವುದು ತರ್ಕಕ್ಕೆ ಹೊಂದದಿದ್ದರೆ ಜಗಳವಾಡಬೇಡಿರಿ; ಅವರ ಮಾತನ್ನೂ ಬರೆಯಿರಿ, ನಿಮ್ಮ ಸಂದೇಹವನ್ನೂ ಪಕ್ಕದಲ್ಲಿ ಬರೆಯಿರಿ. ಮುಂದೆ ಆ ಚಿತ್ರವನ್ನು ಕೈಗೆತ್ತಿಕೊಳ್ಳುವವರಿಗೆ ಎರಡೂ ಉಪಯೋಗಕ್ಕೆ ಬಂದಾವು.