ಪಾರ್ಟಿ ಪಟ್ಟಿಯಿಂದ ಇ-ಮೇಲ್ ವಿಳಾಸ ಪುಸ್ತಕಕ್ಕೆ: ಆಮದಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಶಿವಮೊಗ್ಗ ನಗರದಲ್ಲಿ ಹೊಸಮನೆ ಎಂಬ ಬಡಾವಣೆಯಿದೆ. ಭದ್ರಾವತಿಯಲ್ಲಿಯೂ ಒಂದು ಹೊಸಮನೆಯಿದೆ. ಎರಡೂ ಊರುಗಳೊಡನೆ ವ್ಯವಹರಿಸುವ ವರ್ತಕರ ಪಾರ್ಟಿ ಪಟ್ಟಿಯಲ್ಲಿ ‘ಮಂಜುನಾಥ, ಹೊಸಮನೆ’ ಎಂಬ ನಮೂದು ಎರಡು ಬಾರಿ ಕಂಡುಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಮಾಲೀಕರಿಗೆ ಇಬ್ಬರೂ ಮುಖಪರಿಚಯದವರು. ಯಾರು ಯಾವ ಊರಿನವರು, ಯಾರಿಗೆ ಎಷ್ಟು ರಿಯಾಯಿತಿ, ಯಾರ ಬಾಕಿ ಎಷ್ಟು ದಿನಗಳದ್ದು ಎಂಬುದೆಲ್ಲ ಅವರಿಗೆ ಕಂಠಪಾಠ. ಗಣಕಯಂತ್ರಕ್ಕಾಗಲಿ, ಹೊಸದಾಗಿ ಸೇರಿದ ಗುಮಾಸ್ತರಿಗಾಗಲಿ ಈ ತಿಳಿವಳಿಕೆ ಇರುವುದಿಲ್ಲ. ಒಬ್ಬರಿಗೆ ಬರೆದ ವಿಶೇಷ ದರಪಟ್ಟಿ ಇನ್ನೊಬ್ಬರಿಗೆ ತಲುಪಿತೆಂದರೆ, ಹಲವು ವರ್ಷಗಳ ವಿಶ್ವಾಸ ಒಂದೇ ದಿನದಲ್ಲಿ ಕದಡುತ್ತದೆ.

ನಮ್ಮ ಸದಸ್ಯರಲ್ಲಿ ಅನೇಕರು ಗ್ರಾಹಕರ ಹಾಗೂ ಸರಬರಾಜುದಾರರ ವಿವರಗಳನ್ನು ಎಕ್ಸೆಲ್ ಕೋಷ್ಟಕದಲ್ಲಿ ಬರೆದಿಟ್ಟಿರುತ್ತಾರೆ. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರು ಅಲ್ಲಿರುವ ಪಾರ್ಟಿ ವಿವರಗಳನ್ನು ಎಕ್ಸೆಲ್‌ಗೆ ಪಡೆದುಕೊಳ್ಳಬಹುದು. ಆದರೆ ಪತ್ರ ಕಳುಹಿಸುವ ಹೊತ್ತಿಗೆ ಹಳೆಯ ಪತ್ರವೊಂದನ್ನು ಹುಡುಕಿ, ಅದರಲ್ಲಿನ ವಿಳಾಸವನ್ನು ನಕಲು ಮಾಡುವ ರೂಢಿಯೇ ಹೆಚ್ಚು. ಇಡೀ ಕೋಷ್ಟಕವನ್ನು ಒಮ್ಮೆಗೇ ವಿಳಾಸ ಪುಸ್ತಕಕ್ಕೆ ತುಂಬುವ ಸೌಲಭ್ಯ ಎಲ್ಲ ಪ್ರಮುಖ ಇ-ಮೇಲ್ ತಂತ್ರಾಂಶಗಳಲ್ಲಿಯೂ ಇದೆ. ಇದನ್ನೇ ಆಮದು, ಅಂದರೆ ‘ಇಂಪೋರ್ಟ್’ ಎನ್ನುವುದು. ಆಮದಿಗೆ ಬೇಕಾಗುವುದು ಕೆಲವೇ ನಿಮಿಷ. ಅದಕ್ಕೆ ಮುನ್ನ ಕೋಷ್ಟಕವನ್ನು ಶುದ್ಧಗೊಳಿಸಲು ಒಂದೆರಡು ಸಂಜೆಗಳು ಬೇಕು. ತೊಂದರೆಗಳೆಲ್ಲ ಹುಟ್ಟುವುದು ಈ ಸಂಜೆಗಳನ್ನು ಉಳಿಸಲು ಹೋದಾಗಲೇ.

ಕೋಷ್ಟಕದ ಸಿದ್ಧತೆ

ಮೊದಲನೆಯ ನಿಯಮ: ಒಂದು ಸಾಲಿಗೆ ಒಬ್ಬ ವ್ಯಕ್ತಿ, ಒಂದು ಕಂಬಸಾಲಿಗೆ ಒಂದೇ ಬಗೆಯ ವಿವರ. ಹೆಸರು, ಸಂಸ್ಥೆ, ಇ-ಮೇಲ್, ಮೊಬೈಲ್, ಸ್ಥಿರ ದೂರವಾಣಿ, ಬಡಾವಣೆ, ಊರು, ಪಿನ್ ಕೋಡ್, ಇವು ಬೇರೆ ಬೇರೆ ಕಂಬಸಾಲುಗಳಲ್ಲಿರಬೇಕು. ಒಂದೇ ಮನೆಯಲ್ಲಿ ಎರಡು ಇ-ಮೇಲ್ ವಿಳಾಸಗಳನ್ನು ಓರೆಗೆರೆ ಹಾಕಿ ತುರುಕಿದ್ದರೆ ತಂತ್ರಾಂಶವು ಅದನ್ನು ಒಂದೇ ವಿಳಾಸವೆಂದು ತಿಳಿಯುತ್ತದೆ, ಪತ್ರ ಯಾರಿಗೂ ಹೋಗುವುದಿಲ್ಲ. ಕೋಷ್ಟಕದ ಮೇಲ್ಭಾಗದಲ್ಲಿ ಅಲಂಕಾರಕ್ಕಾಗಿ ಬರೆದ ಅಂಗಡಿಯ ಹೆಸರು, ನಡುವಿನ ಖಾಲಿ ಸಾಲುಗಳು, ವಿಲೀನಗೊಳಿಸಿದ ಮನೆಗಳು ಇವೆಲ್ಲವನ್ನೂ ತೆಗೆದುಹಾಕಬೇಕು. ಮೊದಲ ಸಾಲಿನಲ್ಲಿ ಶೀರ್ಷಿಕೆಗಳು ಮಾತ್ರ ಇರಲಿ.

ಎರಡನೆಯದಾಗಿ, ಊರಿನ ಕಂಬಸಾಲು ಎಂದೂ ಖಾಲಿ ಇರಬಾರದು. ಹೊಸಮನೆಯ ಗೊಂದಲಕ್ಕೆ ಇದೇ ಪರಿಹಾರ. ಪಿನ್ ಕೋಡ್ ಸಹ ನೆರವಿಗೆ ಬರುತ್ತದೆ: ಶಿವಮೊಗ್ಗ ಪ್ರಧಾನ ಅಂಚೆ ಕಚೇರಿಯದು 577201, ಭದ್ರಾವತಿಯದು 577301. ಊರಿನ ಹೆಸರನ್ನು ಒಂದೇ ರೀತಿಯಲ್ಲಿ ಬರೆಯುವುದೂ ಅಷ್ಟೇ ಮುಖ್ಯ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ‘ಶಿಮೊಗ’ವು ‘ಶಿವಮೊಗ್ಗ’ವಾಯಿತು. ಹಳೆಯ ಪಟ್ಟಿಗಳಲ್ಲಿ ಇಂದಿಗೂ ಎರಡೂ ರೂಪಗಳು ಬೆರೆತಿವೆ. ‘ಶಿವಮೊಗ್ಗದ ಗ್ರಾಹಕರು’ ಎಂದು ಶೋಧಿಸಿದಾಗ ಹಳೆಯ ರೂಪದಲ್ಲಿರುವವರು ಹೊರಗುಳಿಯುತ್ತಾರೆ, ಹೊರಗುಳಿದದ್ದು ನಮ್ಮ ಗಮನಕ್ಕೂ ಬರುವುದಿಲ್ಲ.

ಮೂರನೆಯದಾಗಿ, ಪ್ರತಿ ಪಾರ್ಟಿಗೂ ಒಂದು ಗುರುತು ಸಂಖ್ಯೆ ಕೊಡುವುದು ಒಳ್ಳೆಯದು. ಜಿ.ಎಸ್.ಟಿ. ನೋಂದಣಿ ಇರುವವರಿಗೆ 15 ಅಕ್ಷರಾಂಕಗಳ ಸಂಖ್ಯೆ ಈಗಾಗಲೇ ಇದೆ. ಆದರೆ ನೋಂದಣಿ ಇಲ್ಲದ ಚಿಲ್ಲರೆ ವ್ಯಾಪಾರಿಗಳೂ ನಮ್ಮ ಗ್ರಾಹಕರೇ. ರಾಜ್ಯದೊಳಗೆ ಹಲವು ಶಾಖೆಗಳುಳ್ಳ ಸಂಸ್ಥೆಯ ಎಲ್ಲ ಶಾಖೆಗಳೂ ಒಂದೇ ನೋಂದಣಿ ಸಂಖ್ಯೆಯಡಿ ಇರಬಹುದು. ಆದುದರಿಂದ ನಮ್ಮದೇ ಆದ ಸರಳ ಕ್ರಮಸಂಖ್ಯೆ ಹೆಚ್ಚು ಅನುಕೂಲ.

ಕೋಷ್ಟಕವನ್ನು ಅಕಾರಾದಿಯಾಗಿ ಜೋಡಿಸುವಾಗ ಒಂದು ಎಚ್ಚರಿಕೆ ಅಗತ್ಯ. ಹೆಸರಿನ ಕಂಬಸಾಲನ್ನು ಮಾತ್ರ ಆಯ್ದು ಜೋಡಿಸಿದರೆ ಹೆಸರುಗಳು ಸ್ಥಳ ಬದಲಾಯಿಸುತ್ತವೆ, ಇ-ಮೇಲ್‌ಗಳು ಇದ್ದಲ್ಲೇ ಉಳಿಯುತ್ತವೆ. ಪಟ್ಟಿ ನೋಡಲು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ವಿಳಾಸವಿರುತ್ತದೆ. ಆಯ್ಕೆಯನ್ನು ವಿಸ್ತರಿಸಬೇಕೇ ಎಂದು ಎಕ್ಸೆಲ್ ಕೇಳಿದಾಗ ವಿಸ್ತರಿಸಬೇಕೆಂದೇ ಉತ್ತರಿಸಬೇಕು. ಕೆಲಸ ಆರಂಭಿಸುವ ಮೊದಲು ಮೂಲ ಕಡತದ ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದು ಕ್ಷೇಮ.

ಕಾಣೆಯಾಗುವ ಸೊನ್ನೆ

ಶಿವಮೊಗ್ಗದ ಎಸ್.ಟಿ.ಡಿ. ಸಂಕೇತ 08182, ಭದ್ರಾವತಿಯದು 08282. ಎರಡಕ್ಕೂ ವ್ಯತ್ಯಾಸ ಒಂದೇ ಅಂಕಿಯದು, ಎರಡರ ಆರಂಭದಲ್ಲಿಯೂ ಸೊನ್ನೆಯಿದೆ. ಎಕ್ಸೆಲ್ ಇವನ್ನು ಸಂಖ್ಯೆಗಳೆಂದು ಭಾವಿಸಿ, ಆರಂಭದ ಸೊನ್ನೆಯನ್ನು ಅನವಶ್ಯಕವೆಂದು ಕೈಬಿಡುತ್ತದೆ. 91 ಸೇರಿಸಿ ಬರೆದ ಮೊಬೈಲ್ ಸಂಖ್ಯೆಯು 12 ಅಂಕಿಗಳದ್ದಾಗುವುದರಿಂದ ಅದು 9.19 ಎಂಬಂತಹ ದಶಾಂಶ ರೂಪದಲ್ಲಿ, ಮುಂದೊಂದು ಇಂಗ್ಲಿಷ್ ಅಕ್ಷರದೊಡನೆ ಕಾಣಿಸಿಕೊಳ್ಳುತ್ತದೆ. ಹಾಗೆಯೇ ಉಳಿಸಿದರೆ ಆಮದು ಕಡತದಲ್ಲಿಯೂ ಆ ದಶಾಂಶವೇ ಉಳಿದು, ಕೊನೆಯ ಅಂಕಿಗಳು ನಷ್ಟವಾಗುತ್ತವೆ.

ಇದಕ್ಕೆ ಪರಿಹಾರ ಸುಲಭ. ಸಂಖ್ಯೆಗಳನ್ನು ಬೆರಳಚ್ಚಿಸುವ ಮೊದಲೇ ಆ ಕಂಬಸಾಲಿನ ಸ್ವರೂಪವನ್ನು ‘ಟೆಕ್ಸ್ಟ್’ ಎಂದು ನಿಗದಿಪಡಿಸಬೇಕು. ಸೊನ್ನೆ ಹೋದ ಮೇಲೆ ಸ್ವರೂಪ ಬದಲಿಸಿದರೆ ಅದು ತಾನಾಗಿ ಮರಳುವುದಿಲ್ಲ. ಆಮದಿಗಾಗಿ ಸಿದ್ಧಪಡಿಸಿದ ಕಡತವನ್ನು ಮತ್ತೆ ಎಕ್ಸೆಲ್‌ನಲ್ಲಿ ನೇರವಾಗಿ ತೆರೆದು ಉಳಿಸಿದರೂ ಸೊನ್ನೆಗಳು ಮತ್ತೊಮ್ಮೆ ಮಾಯವಾಗುತ್ತವೆ. ತಿದ್ದುಪಡಿಗಳನ್ನು ಮೂಲ ಕೋಷ್ಟಕದಲ್ಲಿಯೇ ಮಾಡಿ, ಆಮದು ಕಡತವನ್ನು ಹೊಸದಾಗಿ ತಯಾರಿಸಿಕೊಳ್ಳಬೇಕು.

ಕನ್ನಡದ ಹೆಸರುಗಳು

ಆಮದಿಗೆ ಬೇಕಾಗುವ ಕಡತದ ಸ್ವರೂಪ ಸಿ.ಎಸ್.ವಿ. ಇದರಲ್ಲಿ ಪ್ರತಿ ವಿವರವನ್ನೂ ಅಲ್ಪವಿರಾಮದಿಂದ ಬೇರ್ಪಡಿಸಲಾಗಿರುತ್ತದೆ. ವಿಳಾಸದೊಳಗೇ ಅಲ್ಪವಿರಾಮಗಳಿದ್ದರೆ ಎಕ್ಸೆಲ್ ಅದನ್ನು ಉದ್ಧರಣ ಚಿಹ್ನೆಗಳ ನಡುವೆ ಇರಿಸಿ ಕಾಪಾಡುತ್ತದೆ. ಕೈಯಿಂದ ತಯಾರಿಸಿದ ಕಡತದಲ್ಲಿ ನಾವೇ ಇರಿಸಬೇಕು. ಹೆಸರುಗಳು ಕನ್ನಡದಲ್ಲಿದ್ದರೆ ಸಾಮಾನ್ಯ ಸಿ.ಎಸ್.ವಿ.ಯಲ್ಲಿ ಉಳಿಸಿದಾಗ ಅಕ್ಷರಗಳ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಎಕ್ಸೆಲ್‌ನ ಈಚಿನ ಆವೃತ್ತಿಗಳಲ್ಲಿರುವ ‘ಸಿ.ಎಸ್.ವಿ. ಯು.ಟಿ.ಎಫ್.-8’ ಎಂಬ ಆಯ್ಕೆಯಲ್ಲಿಯೇ ಉಳಿಸಬೇಕು.

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಪಟ್ಟಿ ಮಾಡಿಕೊಂಡವರ ಸಮಸ್ಯೆ ಬೇರೆ. ಅಲ್ಲಿ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ವಿಳಾಸ ಪುಸ್ತಕದಲ್ಲಿ ಅದು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ತೋರುತ್ತದೆ. ಅಂತಹ ಪಟ್ಟಿಯನ್ನು ಪರಿವರ್ತಕ ತಂತ್ರಾಂಶದ ಮೂಲಕ ಮೊದಲು ಯುನಿಕೋಡ್‌ಗೆ ಬದಲಿಸಿಕೊಂಡು, ಒಮ್ಮೆ ಕಣ್ಣಾರೆ ಓದಿ ತಿದ್ದಿಕೊಳ್ಳಬೇಕು.

ಆಮದಿನ ಕ್ರಮ

ಶೀರ್ಷಿಕೆಗಳಿಗೆ ಯಾವ ಹೆಸರಿಡಬೇಕೆಂಬ ಗೊಂದಲಕ್ಕೆ ಒಂದು ಸುಲಭೋಪಾಯವಿದೆ. ವಿಳಾಸ ಪುಸ್ತಕದಲ್ಲಿ ಒಬ್ಬ ಗ್ರಾಹಕರ ಪೂರ್ಣ ವಿವರವನ್ನು ಕೈಯಿಂದಲೇ ತುಂಬಿ, ಅದನ್ನು ಸಿ.ಎಸ್.ವಿ.ಯಾಗಿ ರಫ್ತು ಮಾಡಿಕೊಳ್ಳಿ. ಆ ಕಡತದ ಮೊದಲ ಸಾಲೇ ತಂತ್ರಾಂಶಕ್ಕೆ ಅರ್ಥವಾಗುವ ಶೀರ್ಷಿಕೆಗಳ ಮಾದರಿ. ನಿಮ್ಮ ಕೋಷ್ಟಕಕ್ಕೆ ಅವೇ ಶೀರ್ಷಿಕೆಗಳನ್ನು ಅಕ್ಷರಶಃ ಕೊಡಿ.

ಜಿ-ಮೇಲ್ ಬಳಸುವವರು ಗೂಗಲ್ ಕಾಂಟ್ಯಾಕ್ಟ್ಸ್ ಪುಟವನ್ನು ತೆರೆದು ‘ಇಂಪೋರ್ಟ್’ ಒತ್ತಿ ಕಡತವನ್ನು ಆಯ್ದರೆ ಸಾಕು. ಒಂದು ಬಾರಿಗೆ 3,000 ಹೆಸರುಗಳವರೆಗೆ ತುಂಬಬಹುದು. ಔಟ್‌ಲುಕ್‌ನ ಹಳೆಯ ಮಾದರಿಯಲ್ಲಿ ‘ಫೈಲ್’, ‘ಓಪನ್ ಅಂಡ್ ಎಕ್ಸ್‌ಪೋರ್ಟ್’, ‘ಇಂಪೋರ್ಟ್/ಎಕ್ಸ್‌ಪೋರ್ಟ್’ ಎಂಬ ಕ್ರಮದಲ್ಲಿ ಸಾಗಬೇಕು. ನಮ್ಮ ಯಾವ ಕಂಬಸಾಲು ಅಲ್ಲಿನ ಯಾವ ಸ್ಥಾನಕ್ಕೆ ಹೋಗಬೇಕೆಂದು ಹೊಂದಿಸಲು ‘ಮ್ಯಾಪ್ ಕಸ್ಟಮ್ ಫೀಲ್ಡ್ಸ್’ ಎಂಬ ಗುಂಡಿಯಿದೆ. ಅದೇ ಹೆಸರು ಈಗಾಗಲೇ ಇದ್ದರೆ ಏನು ಮಾಡಬೇಕೆಂದೂ ಔಟ್‌ಲುಕ್ ಕೇಳುತ್ತದೆ. ಉಚಿತವಾಗಿ ದೊರೆಯುವ ಥಂಡರ್‌ಬರ್ಡ್‌ನಲ್ಲಿಯೂ ಕಂಬಸಾಲುಗಳನ್ನು ಹೊಂದಿಸಿಕೊಳ್ಳುವ ಇಂತಹುದೇ ವ್ಯವಸ್ಥೆಯಿದೆ.

ಮೊದಲ ಬಾರಿಗೆ ಇಡೀ ಪಟ್ಟಿಯನ್ನು ತುಂಬದೆ ಐದು ಹೆಸರುಗಳಿಂದ ಪರೀಕ್ಷಿಸಿ. ಆ ಐದರಲ್ಲಿ ಕನ್ನಡದ ಹೆಸರೊಂದು, ಸ್ಥಿರ ದೂರವಾಣಿಯೊಂದು, ಅಲ್ಪವಿರಾಮಗಳುಳ್ಳ ದೀರ್ಘ ವಿಳಾಸವೊಂದು ಇರಲಿ. ಗೂಗಲ್‌ನಲ್ಲಿ ಆಮದಾದ ಹೆಸರುಗಳಿಗೆ ಆ ದಿನಾಂಕದ ಚೀಟಿ ತಾನಾಗಿ ಅಂಟಿಕೊಳ್ಳುವುದರಿಂದ, ತಪ್ಪಾದರೆ ಅವನ್ನಷ್ಟೇ ಆಯ್ದು ಅಳಿಸಬಹುದು. 30 ದಿನಗಳೊಳಗೆ ಹಿಂದಿನ ಸ್ಥಿತಿಗೆ ಮರಳುವ ಅವಕಾಶವೂ ಇದೆ. ಒಂದೇ ರೀತಿ ಕಾಣುವ ಹೆಸರುಗಳನ್ನು ಒಂದುಗೂಡಿಸಲೇ ಎಂದು ತಂತ್ರಾಂಶ ಸೂಚಿಸಿದಾಗ ಕಣ್ಣುಮುಚ್ಚಿ ಒಪ್ಪಬೇಡಿ. ಎರಡು ಹೊಸಮನೆಗಳ ಇಬ್ಬರು ಮಂಜುನಾಥರು ಒಬ್ಬರಾಗಿಬಿಡುವ ಅಪಾಯವಿರುವುದು ಅಲ್ಲಿಯೇ.

ಗುಂಪುಗಳು ಮತ್ತು ರವಾನೆ

ವಿಳಾಸ ಪುಸ್ತಕದ ನಿಜವಾದ ಪ್ರಯೋಜನವಿರುವುದು ಗುಂಪುಗಳಲ್ಲಿ. ಅಡಿಕೆ ವರ್ತಕರು ರಾಶಿ, ಬೆಟ್ಟೆ, ಗೊರಬಲು, ಸರಕು ಕೊಳ್ಳುವ ಹೊರರಾಜ್ಯದ ಖರೀದಿದಾರರನ್ನು ಪ್ರತ್ಯೇಕ ಗುಂಪುಗಳಾಗಿ ಮಾಡಿಕೊಂಡರೆ, ಆಯಾ ಮಾದರಿಯ ಧಾರಣೆಯನ್ನು ಬೇಕಾದವರಿಗಷ್ಟೇ ತಿಳಿಸಬಹುದು. ಎರಕದ ಘಟಕದವರಿಗೆ ಒಂದೇ ಗ್ರಾಹಕ ಸಂಸ್ಥೆಯಲ್ಲಿ ಮೂವರ ಸಂಪರ್ಕ ಬೇಕಾಗುತ್ತದೆ: ಬೇಡಿಕೆ ಕೊಡುವ ಖರೀದಿ ವಿಭಾಗ, ಮಾಲನ್ನು ಪರೀಕ್ಷಿಸುವ ಗುಣಮಟ್ಟ ವಿಭಾಗ, ಹಣ ಪಾವತಿಸುವ ಲೆಕ್ಕ ವಿಭಾಗ. ಬಿಲ್ಲು ಖರೀದಿ ವಿಭಾಗದಲ್ಲಿಯೇ ಉಳಿದರೆ ಪಾವತಿ ತಡವಾಗುತ್ತದೆ. ಕೋಷ್ಟಕದಲ್ಲಿ ‘ವಿಭಾಗ’ ಎಂಬ ಕಂಬಸಾಲೊಂದಿದ್ದರೆ ಈ ತೊಡಕು ತಪ್ಪುತ್ತದೆ.

ಹಲವರಿಗೆ ಒಟ್ಟಾಗಿ ಕಳುಹಿಸುವಾಗ ವಿಳಾಸಗಳನ್ನು ‘ಬಿ.ಸಿ.ಸಿ.’ ಸ್ಥಾನದಲ್ಲಿಯೇ ಹಾಕಬೇಕು. ಇಲ್ಲವಾದರೆ ನಮ್ಮ ಗ್ರಾಹಕರ ಪಟ್ಟಿಯನ್ನು ನಾವೇ ಎಲ್ಲರ ಕೈಗಿತ್ತಂತಾಗುತ್ತದೆ. ಜಿ-ಮೇಲ್‌ನ ಸಾಮಾನ್ಯ ಖಾತೆಯಿಂದ ದಿನಕ್ಕೆ 500 ಮಂದಿಗಿಂತ ಹೆಚ್ಚು ಜನರಿಗೆ ಕಳುಹಿಸಲಾಗದು ಎಂಬುದೂ ನೆನಪಿರಲಿ. ವ್ಯಕ್ತಿಗಳ ಡಿಜಿಟಲ್ ವಿವರಗಳ ರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಕಾಯಿದೆಯನ್ನು ಅಂಗೀಕರಿಸಿದೆ. ಗ್ರಾಹಕರ ಪಟ್ಟಿಯನ್ನು ಅನ್ಯರಿಗೆ ಕೊಡುವ ಮುನ್ನ ಎರಡು ಬಾರಿ ಯೋಚಿಸುವುದು ಒಳಿತು.

ಮೂಲ ಪಟ್ಟಿಯನ್ನು ಕಾಪಾಡಿ

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಶ್ರಮಪಟ್ಟು ವಿಳಾಸಗಳನ್ನು ತುಂಬಿಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. 2007ರಲ್ಲಿ ವಿಸ್ತಾ ಬಂದಾಗ ಆ ತಂತ್ರಾಂಶದ ಜಾಗದಲ್ಲಿ ಬೇರೊಂದು ಬಂದಿತು. ಬೇರೆಡೆ ಪ್ರತಿ ಇಟ್ಟುಕೊಳ್ಳದವರ ಪಟ್ಟಿ ಹಳೆಯ ಯಂತ್ರದೊಂದಿಗೇ ಮೂಲೆ ಸೇರಿತು. ಇ-ಮೇಲ್ ತಂತ್ರಾಂಶಗಳು ಬದಲಾಗುತ್ತಲೇ ಇರುತ್ತವೆ. ಆದುದರಿಂದ ಕೋಷ್ಟಕವನ್ನೇ ಮೂಲವೆಂದು ತಿಳಿದು, ಯಾವ ಬದಲಾವಣೆಯನ್ನಾದರೂ ಮೊದಲು ಅಲ್ಲಿ ಮಾಡಿ, ಅದರ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇರಿಸಿಕೊಳ್ಳಬೇಕು.

ಗ್ರಾಹಕರೂ ಬದಲಾಗುತ್ತಾರೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಕಳೆದಿವೆ. ಆದರೂ ಅಲ್ಲಿನ ವಿಭಾಗಗಳ ವಿಳಾಸಗಳು, ಅದನ್ನೇ ನಂಬಿದ್ದ ಸಣ್ಣ ಸರಬರಾಜುದಾರರ ವಿಳಾಸಗಳು ಎಷ್ಟೋ ಪಟ್ಟಿಗಳಲ್ಲಿ ಹಾಗೆಯೇ ಇರಬಹುದು. ಹಿಂದಿರುಗಿ ಬಂದ ಪತ್ರಗಳನ್ನು ಗಮನಿಸಿ ವರ್ಷಕ್ಕೊಮ್ಮೆ, ದೀಪಾವಳಿಯ ಲಕ್ಷ್ಮೀಪೂಜೆಗೆ ಮುನ್ನ ಖಾತೆ ಪುಸ್ತಕಗಳನ್ನು ಸಿದ್ಧಗೊಳಿಸುವ ಹೊತ್ತಿನಲ್ಲಿಯೇ ವಿಳಾಸಗಳ ಪಟ್ಟಿಯನ್ನೂ ಪರಿಷ್ಕರಿಸುವ ಪದ್ಧತಿಯನ್ನು ಸದಸ್ಯರು ರೂಢಿಸಿಕೊಳ್ಳಬೇಕು. ಎರಡು ಹೊಸಮನೆಗಳ ವ್ಯತ್ಯಾಸವನ್ನು ಇಂದು ಮಾಲೀಕರು ಮಾತ್ರ ಬಲ್ಲರು. ಅದನ್ನು ಕೋಷ್ಟಕದಲ್ಲಿ ಬರೆದಿಟ್ಟರೆ ನಾಳೆ ಅಂಗಡಿಯನ್ನು ವಹಿಸಿಕೊಳ್ಳುವ ಮಕ್ಕಳೂ ಬಲ್ಲವರಾಗುತ್ತಾರೆ.