ಅಕ್ಷರಕ್ಕೆ ಹತ್ತು ಸಾವು

ಎಚ್‌ಪಿವಿ ಎಂಬ ವೈರಸ್‌ನ ಅಡ್ಡಳತೆ ಸುಮಾರು 55 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪದೊಳಗೆ ಇಂಥ ಸಾವಿರಕ್ಕೂ ಹೆಚ್ಚು ವೈರಸ್‌ಗಳು ಸಾಲಾಗಿ ನಿಲ್ಲಬಲ್ಲವು. ಗರ್ಭಕೊರಳಿನ ಕ್ಯಾನ್ಸರ್‌ಗೆ ಎಲ್ಲಕ್ಕಿಂತ ಹೆಚ್ಚು ಕಾರಣವಾಗುವ ಅದರ 16ನೇ ಬಗೆಯ ಡಿಎನ್‌ಎ ಬರಹ ಸುಮಾರು 7,900 ಅಕ್ಷರಗಳಲ್ಲಿ ಮುಗಿದುಹೋಗುತ್ತದೆ. ಮನುಷ್ಯನದು 300 ಕೋಟಿ ಅಕ್ಷರಗಳ ಬರಹ.

2022ರಲ್ಲಿ ಭಾರತದಲ್ಲಿ ಈ ಕ್ಯಾನ್ಸರ್‌ಗೆ ಬಲಿಯಾದ ಹೆಂಗಸರು 79,906 ಮಂದಿ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಂದಾಜಿಸಿದೆ. ಭಾಗಿಸಿ ನೋಡಿ. ಆ ವೈರಸ್‌ನ ಒಂದೊಂದು ಅಕ್ಷರಕ್ಕೆ ಹತ್ತು ಹೆಂಗಸರು. ದಿನಕ್ಕೆ ಸುಮಾರು 219. ಏಳು ನಿಮಿಷ ತುಂಬುವುದರೊಳಗೆ ಒಬ್ಬರು. ಜಗತ್ತಿನಲ್ಲಿ ಆ ವರ್ಷ ಸತ್ತವರು ಸುಮಾರು ಮೂರೂವರೆ ಲಕ್ಷ. ಅವರಲ್ಲಿ ನೂರಕ್ಕೆ 94 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ಇಷ್ಟು ಪುಟ್ಟ ಬರಹ ಮಾಡುವ ಕೆಲಸ ನೋಡಿ. ಕೆಟ್ಟ ಜೀವಕೋಶವನ್ನು ತಡೆದು ನಿಲ್ಲಿಸುವ ಪಿ53 ಎಂಬ ಪ್ರೋಟೀನು ನಮ್ಮಲ್ಲಿದೆ. ವೈರಸ್‌ನ ಇ6 ಎಂಬ ಪ್ರೋಟೀನು ಅದನ್ನು ನಾಶಮಾಡಿಸುತ್ತದೆ. ಕೋಶಗಳು ಮಿತಿಮೀರಿ ಒಡೆಯದಂತೆ ಕಾಯುವ ನಮ್ಮ ಇನ್ನೊಂದು ಪ್ರೋಟೀನನ್ನು ವೈರಸ್‌ನ ಇ7 ಕಟ್ಟಿಹಾಕುತ್ತದೆ. ಆದರೂ ಈ ರೋಗಕ್ಕೆ ಅವಸರವೇ ಇಲ್ಲ. ಸೋಂಕು ತಗುಲಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಯ ದೇಹ ಎರಡು ವರ್ಷದೊಳಗೆ ವೈರಸ್ಸನ್ನು ತಾನೇ ಹೊರಹಾಕುತ್ತದೆ. ಉಳಿದವರಲ್ಲಿ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಇದ್ದೂ ಚಿಕಿತ್ಸೆ ಸಿಗದವರಲ್ಲಿ ಮಾತ್ರ ಈ ಅವಧಿ 5ರಿಂದ 10 ವರ್ಷಕ್ಕೆ ಇಳಿಯುತ್ತದೆ. ಇಷ್ಟು ದೀರ್ಘ ಕಾಲಾವಕಾಶ ಕೊಡುವ ಮಾರಿ ಕ್ಯಾನ್ಸರ್‌ಗಳಲ್ಲಿ ಅಪರೂಪ. ಆ ವರ್ಷಗಳಲ್ಲಿ ಯಾರಾದರೂ ಒಂದು ಸಲ ಪರೀಕ್ಷಿಸಿ ನೋಡಿದರೂ ಎಷ್ಟೋ ಜೀವ ಉಳಿದೀತು.

ಇದನ್ನು ಸಾಬೀತು ಮಾಡಿದ್ದು ನಮ್ಮ ಬೀದರ್, ಕಲಬುರಗಿಗಳ ನೆರೆಯ ಜಿಲ್ಲೆ, ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್. ಡಾ. ಆರ್. ಶಂಕರನಾರಾಯಣನ್ ಅವರ ತಂಡ ಅಲ್ಲಿನ ಹಳ್ಳಿಗಳ 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿ ಎಂಟು ವರ್ಷ ಗಮನಿಸಿತು. ಒಂದು ಗುಂಪಿಗೆ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದರು. ಆ 34,126 ಮಂದಿಯಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 34. ಹೋಲಿಕೆಗೆಂದು ಪರೀಕ್ಷೆಯಿಲ್ಲದೆ ಉಳಿಸಿದ ಗುಂಪಿನಲ್ಲಿ ಇದ್ದವರು ಅದಕ್ಕಿಂತ ಕಡಿಮೆ, 31,488; ಸತ್ತವರು 64. ಈ 64ನ್ನು ದಾಟಿ ಮುಂದೆ ಓದುವುದು ನನಗೆ ಸುಲಭವಲ್ಲ. ಹಾಗೆ ಪರೀಕ್ಷೆಯಿಲ್ಲದೆ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ಆಮೇಲೆ ಗಟ್ಟಿಯಾಗಿಯೇ ಎದ್ದಿತು, ಏಳಬೇಕಾದದ್ದೇ. ಆದರೆ 2009ರಲ್ಲಿ ಪ್ರಕಟವಾದ ಆ ಲೆಕ್ಕ ಜಗತ್ತಿನ ತಪಾಸಣಾ ನೀತಿಯನ್ನೇ ಬದಲಿಸಿತು. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಇನ್ನೂ ಅಗ್ಗದ ದಾರಿ ಹಿಡಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕೊರಳಿಗೆ ವಿನೆಗರ್‌ನ ಮುಖ್ಯ ಅಂಶವಾದ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ಬೆಳ್ಳಗಾಗುವ ಕಲೆ ಹುಡುಕಿದರು. ಅಷ್ಟರಿಂದಲೇ ಸಾವು ಶೇ 31ರಷ್ಟು ಇಳಿಯಿತು.

ಹಾಗಾದರೆ ನಾವೆಷ್ಟು ಪರೀಕ್ಷಿಸುತ್ತಿದ್ದೇವೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49ರ ವಯಸ್ಸಿನ ಭಾರತೀಯ ಹೆಂಗಸರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ಶೇ 1.9. ನೂರಕ್ಕೆ ಇಬ್ಬರೂ ಇಲ್ಲ.

ರೋಗ ಗೊತ್ತಾದ ಮೇಲೂ ಊರಿಂದೂರಿಗೆ ಹಣೆಬರಹ ಬೇರೆ. 2012ರಿಂದ 2015ರವರೆಗೆ ರೋಗ ಪತ್ತೆಯಾದ ಹೆಂಗಸರನ್ನು ದೇಶದ ಹನ್ನೊಂದು ಕ್ಯಾನ್ಸರ್ ನೋಂದಣಿ ಕೇಂದ್ರಗಳು ಲೆಕ್ಕ ಹಾಕಿದವು. ಐದು ವರ್ಷ ಬದುಕಿದವರು ಅಹಮದಾಬಾದ್ ನಗರದಲ್ಲಿ ಶೇ 61.5, ತ್ರಿಪುರಾದಲ್ಲಿ ಶೇ 31.6. ದೇಶ ಒಂದೇ, ಬದುಕುವ ಅವಕಾಶ ಅರ್ಧ. ವೈರಸ್‌ಗೆ ಊರಿನ ಹೆಸರು ಗೊತ್ತಿಲ್ಲ; ಈ ಅಂತರ ಹುಟ್ಟುವುದು ರೋಗ ಎಷ್ಟು ಬೇಗ ಗೊತ್ತಾಯಿತು, ವಿಕಿರಣ ಚಿಕಿತ್ಸೆಯ ಯಂತ್ರ ಎಷ್ಟು ದೂರ, ಬಸ್ ಚಾರ್ಜಿಗೆ ದುಡ್ಡಿದೆಯೇ, ಐದಾರು ವಾರ ಮನೆ ಬಿಟ್ಟಿರಲು ಸಾಧ್ಯವೇ ಎಂಬಲ್ಲಿ.

ಈ ವೈರಸ್ಸನ್ನು ತಡೆಯುವ ಲಸಿಕೆಯ ವಿಷಯದಲ್ಲಂತೂ ಭಾರತದ ಹುಡುಗಿಯರು ಜಗತ್ತಿಗೇ ಉಪಕಾರ ಮಾಡಿದ್ದಾರೆ. 2009ರಲ್ಲಿ ಇಲ್ಲಿ ಎರಡು ಡೋಸ್, ಮೂರು ಡೋಸ್‌ಗಳ ಹೋಲಿಕೆಯ ಅಧ್ಯಯನ ಶುರುವಾಗಿತ್ತು. ಬೇರೊಂದು ಲಸಿಕಾ ಯೋಜನೆಯ ಸುತ್ತ ವಿವಾದ ಎದ್ದು 2010ರಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ಸುಮಾರು ಐದು ಸಾವಿರ ಹುಡುಗಿಯರು ಒಂದೇ ಡೋಸ್‌ಗೆ ನಿಂತುಬಿಟ್ಟರು. ವರ್ಷಗಟ್ಟಲೆ ಅವರನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶ: 16 ಮತ್ತು 18ನೇ ಬಗೆಗಳ ಬಿಡದ ಸೋಂಕಿನಿಂದ ಶೇ 95ರಷ್ಟು ರಕ್ಷಣೆ, ಮೂರು ಡೋಸ್ ಪಡೆದವರಷ್ಟೇ. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಪದ್ಧತಿಯನ್ನೂ ಒಪ್ಪಿತು.

ಸ್ಕಾಟ್ಲೆಂಡ್‌ನಲ್ಲಿ 12–13ರ ವಯಸ್ಸಿನಲ್ಲಿ ಲಸಿಕೆ ಪಡೆದು ಈಗ ದೊಡ್ಡವರಾಗಿರುವ ಹೆಂಗಸರ ದಾಖಲೆಗಳನ್ನು ಹುಡುಕಿ 2024ರಲ್ಲಿ ವರದಿ ಬರೆದರು. ಸಿಕ್ಕ ಗರ್ಭಕೊರಳಿನ ಕ್ಯಾನ್ಸರ್ ಪ್ರಕರಣಗಳು: ಸೊನ್ನೆ. ಲಸಿಕೆಯಿಂದ ಹೆಚ್ಚು ಲಾಭವಾದದ್ದು ಅಲ್ಲಿನ ಬಡ ಪ್ರದೇಶಗಳವರಿಗೆ.

ಮನೆಯಲ್ಲಿ 9ರಿಂದ 14ರ ಹುಡುಗಿ ಇದ್ದರೆ ಈ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಮೂವತ್ತು ದಾಟಿದ ಅಕ್ಕ, ಅತ್ತಿಗೆ, ಅಮ್ಮ, ಮನೆಗೆಲಸಕ್ಕೆ ಬರುವಾಕೆ ಯಾರೇ ಇರಲಿ, ತಪಾಸಣೆಗೆ ಜೊತೆಗೆ ಹೋಗಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ವಾಸನೆಯ ಬಿಳಿಸೆರಗು ಹೋಗುತ್ತಿದ್ದರೆ ನಾಚಿಕೆಗೆ ಬಿದ್ದು ಮುಚ್ಚಿಡಬೇಡಿ, ಈ ವಾರವೇ ತೋರಿಸಿ.