ಓಡುವಾಗ ಎಚ್ಚರ ತಪ್ಪಿದರೆ ಉದಾಸೀನ ಬೇಡ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ದರ್ಶನಕ್ಕೆ ಬೆಟ್ಟದ ಮೆಟ್ಟಿಲು ಹತ್ತಬೇಕು. ಏರುವಾಗ ಏದುಸಿರು ಬರುವುದು ಸಹಜ. ತುಸು ಕುಳಿತರೆ ಸರಿಹೋಗುತ್ತದೆ. ಆದರೆ ಹದಿಹರೆಯದ ಮಕ್ಕಳು ಹತ್ತುತ್ತಿರುವಾಗಲೇ ಎದೆನೋವೆಂದರೆ ಅಥವಾ ಎಚ್ಚರ ತಪ್ಪಿ ಬಿದ್ದರೆ, 'ಬಿಸಿಲಿಗೆ ಹೀಗಾಯಿತು', 'ಬೆಳಿಗ್ಗೆ ಏನೂ ತಿಂದಿರಲಿಲ್ಲ' ಎಂದು ನೀರು ಚಿಮುಕಿಸಿ ಸುಮ್ಮನಾಗಬಾರದು. ಹೃದಯದ ಪರೀಕ್ಷೆ ಆಗಲೇಬೇಕು.

ಏನಿದು ದೋಷ?

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವವು ಕರೋನರಿ ರಕ್ತನಾಳಗಳು. ಇವು ಮಹಾಪಧಮನಿಯ ಬುಡದಿಂದ ಎಡಕ್ಕೊಂದು, ಬಲಕ್ಕೊಂದು ಹೊರಡುತ್ತವೆ. ನೂರಕ್ಕೆ ಸುಮಾರು ಒಬ್ಬರಲ್ಲಿ ಹುಟ್ಟಿನಿಂದಲೇ ಇವು ಹೊರಡುವ ಜಾಗ ಅಥವಾ ಸಾಗುವ ದಾರಿ ಬೇರೆಯಾಗಿರುತ್ತದೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ.

ಆದರೆ ಎಡನಾಳ ಬಲಬದಿಯಿಂದ ಹೊರಟು, ಮಹಾಪಧಮನಿ ಹಾಗೂ ಶ್ವಾಸಕೋಶದ ಅಪಧಮನಿಗಳ ನಡುವೆ ಹಾದುಹೋದರೆ ಅಪಾಯ. ಅದರ ಬಾಯಿ ಕಿರಿದಾಗಿರುತ್ತದೆ. ಓಡುವಾಗ ದೊಡ್ಡ ನಾಳಗಳು ಹಿಗ್ಗಿ ಅದು ಇನ್ನಷ್ಟು ಇಕ್ಕಟ್ಟಾಗಬಹುದು. ರಕ್ತ ಹೆಚ್ಚು ಬೇಕಾದ ಹೊತ್ತಿನಲ್ಲೇ ಕಡಿಮೆಯಾಗಿ, ಹೃದಯದ ಲಯ ತಪ್ಪುತ್ತದೆ.

ಸಾಮಾನ್ಯ ಹೃದಯಾಘಾತಕ್ಕೆ ನಾಳದೊಳಗೆ ಸೇರಿದ ಕೊಬ್ಬು ಕಾರಣ. ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಅದಕ್ಕೆ ದಾರಿ ಮಾಡುತ್ತವೆ. ಇಲ್ಲಿ ಹಾಗಲ್ಲ, ದುಶ್ಚಟವಿಲ್ಲದ ಗಟ್ಟಿಮುಟ್ಟಾದ ಯುವಕರಲ್ಲೂ ಈ ದೋಷ ಅಡಗಿರಬಹುದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಪೀಟ್ ಮ್ಯಾರವಿಚ್ 1988ರಲ್ಲಿ, 40ನೇ ವಯಸ್ಸಿನಲ್ಲಿ, ಆಟದ ಅಂಗಳದಲ್ಲೇ ಕುಸಿದು ತೀರಿಕೊಂಡರು. ಅವರಿಗೆ ಎಡ ಕರೋನರಿ ನಾಳವೇ ಇರಲಿಲ್ಲವೆಂಬುದು ತಿಳಿದದ್ದು ಮರಣೋತ್ತರ ಪರೀಕ್ಷೆಯಲ್ಲಿ.

ಹಸುಗೂಸುಗಳಲ್ಲಿ

ಅಪರೂಪಕ್ಕೆ ಎಡನಾಳ ಶ್ವಾಸಕೋಶದ ಅಪಧಮನಿಯಿಂದ ಹೊರಡುವುದುಂಟು. ಅಂಥ ಮಗು ಹಾಲು ಕುಡಿಯುವಾಗ ಬೆವರುತ್ತದೆ, ಏದುಸಿರು ಬಿಡುತ್ತದೆ, ತೂಕ ಏರುವುದಿಲ್ಲ. ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಿ.

ಪರೀಕ್ಷೆ, ಚಿಕಿತ್ಸೆ

ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಾಗಿಯೇ ಇರಬಹುದು. ಅದೊಂದನ್ನೇ ನಂಬಿ ಮನೆಗೆ ಮರಳಬೇಡಿ. ಎಕೋ ಪರೀಕ್ಷೆಯಲ್ಲಿ ನಾಳ ಹೊರಡುವ ಜಾಗವನ್ನು ನೋಡುವಂತೆ ಕೇಳಿ. ಅನುಮಾನ ಉಳಿದರೆ ಸಿ.ಟಿ. ಆಂಜಿಯೋಗ್ರಾಂ ದೋಷವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯಗಳಿವೆ. ಅಪಾಯದ ಬಗೆಯ ದೋಷವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಕಾರಣ ತಿಳಿಯುವವರೆಗೆ ಓಟ, ಕಬಡ್ಡಿ, ಈಜು ಬೇಡ.

ಬಿದ್ದವರು ಕರೆದರೆ ಓಗೊಡದಿದ್ದರೆ, ಉಸಿರಾಟ ನಿಂತಿದ್ದರೆ 108ಕ್ಕೆ ಕರೆ ಮಾಡಿ. ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ.

ವೈದ್ಯರಲ್ಲಿಗೆ ಹೋದಾಗ 'ತಲೆ ಸುತ್ತಿ ಬಿದ್ದ' ಎಂದಷ್ಟೇ ಹೇಳಬೇಡಿ. ಬೀಳುವ ಹೊತ್ತಿಗೆ ನಿಂತಿದ್ದನೇ, ಓಡುತ್ತಿದ್ದನೇ ಎಂಬುದನ್ನೂ ತಪ್ಪದೆ ತಿಳಿಸಿ. ರೋಗದ ಸುಳಿವು ಇರುವುದೇ ಅಲ್ಲಿ.